ಭಾವನ ಹೊಸ್ತಿಲು

ಶಂಖವನ್ನೇ ಮನೆಯಾಗಿ ಹೊತ್ತು ತಿರುಗುವ ಏಡಿಯಣ್ಣ ಮೊದಲ ಸಲ ಊರು ಬಿಟ್ಟದ್ದು ಮಳೆಗಾಲದ ಒಂದು ಆಟಿ ಅಮಾವಾಸ್ಯೆಯಂದು, ಕಡಲು ಅವನ ಬಂಡೆಯನ್ನು ನುಂಗಿದ ದಿನ. ಅಲೆಯುತ್ತ ಅಲೆಯುತ್ತ ತಂಗಿಯ ಮನೆಗೆ ಬಂದ. ಅವಳ ಗಂಡ ಮರಳೇಡಿ ಬಿಲದ ಹೊಸ್ತಿಲಿಗೆ ಜೇಡಿಮಣ್ಣು ಮೆತ್ತುತ್ತಿದ್ದ.

“ಕಡಲು ವರ್ಷವರ್ಷವೂ ಮೇಲೇರುತ್ತಿದೆ, ಭಾವ. ಸಂಸಾರವನ್ನು ದಿಬ್ಬಕ್ಕೆ ಸಾಗಿಸು,” ಎಂದ ಏಡಿಯಣ್ಣ.

“ಅಲೆಮಾರಿಗೆ ಮನೆಯ ಮರ್ಯಾದೆ ಏನು ಗೊತ್ತು? ಕಡಲು ಒಂದು ಗೇಣು ಏರಿದರೆ ನನ್ನ ಹೊಸ್ತಿಲು ಎರಡು ಗೇಣು ಏರುತ್ತದೆ!”

ಅಷ್ಟರಲ್ಲಿ ದೊಡ್ಡ ತೆರೆಯೊಂದು ಹೊಸ್ತಿಲು ಹಾರಿ ಒಳಗೆ ನುಗ್ಗಿತು. ಕಡಲೇನೋ ಹಿಂದೆ ಸರಿಯಿತು. ಒಳಗಿನ ನೀರಿಗೆ ಮಾತ್ರ ಆ ಹೊಸ್ತಿಲು ದಾಟಲಾಗಲಿಲ್ಲ.

“ಅಣ್ಣಾ, ಮಕ್ಕಳು ತೇಲುತ್ತಿದ್ದಾರೆ!” ಎಂದು ತಂಗಿ ಕೂಗಿದಳು.

ಏಡಿಯಣ್ಣ ಮಕ್ಕಳನ್ನು ಎತ್ತಿ ಶಂಖದ ಮೇಲೆ ಕೂರಿಸಿಕೊಂಡು ಹೊರಡಲು ಅಣಿಯಾದ.

“ನಿಲ್ಲು ಭಾವ, ನಾನೂ ಬಂದೆ,” ಎಂದ ಮರಳೇಡಿ. “ಈ ಹೊಸ್ತಿಲಿನ ಆ ತುದಿ ಸ್ವಲ್ಪ ಹಿಡಿ.”