ದ್ಯಾಮಣ್ಣನ ಹೆಸರಿದ್ದ ಪುಟ

ಸೋಮಲಿಂಗ ಮಾಸ್ತರರು ಹನ್ನೊಂದು ವರ್ಷ ಕೂತು ಶಾಲೆಯ ಮಕ್ಕಳಿಗಾಗಿ ಒಂದು ಇಂಗ್ಲಿಷ್–ಕನ್ನಡ ನಿಘಂಟು ಬರೆದರು. ಬುದ್ಧಿ ಕಡಿಮೆ ಎನ್ನಲು ಇಂಗ್ಲಿಷರಿಗೆ ಅದೆಷ್ಟು ಪದಗಳು ಬೇಕಾದವೋ, ಮಾಸ್ತರರು ಒಂದೊಂದನ್ನೂ ಬಿಡಿಸಿಟ್ಟರು. ನಗು ಬರಿಸುವ ಹುಡುಗಾಟ ಸಿಲ್ಲಿ. ಹಿಂದುಮುಂದು ನೋಡದೆ ಮಾಡಿದ್ದು ಫೂಲಿಶ್. ಎಷ್ಟು ಹೇಳಿದರೂ ತಲೆಗೆ ಹೋಗದಿದ್ದರೆ ಸ್ಟುಪಿಡ್. ತಲೆಬುಡವಿಲ್ಲದ್ದು ಅಬ್ಸರ್ಡ್.

ಹಸ್ತಪ್ರತಿ ಅಚ್ಚಿಗೆ ಹೋದ ಮೇಲೂ ಫೂಲಿಶ್ ಪದಕ್ಕೆ ಒಂದು ಉದಾಹರಣೆ ಬಾಕಿಯಿತ್ತು. ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವ ದ್ಯಾಮಣ್ಣ ಒಮ್ಮೆ ಮಳೆಯಲ್ಲಿ ಬಂದದ್ದು ನೆನಪಾಯಿತು. ‘ದ್ಯಾಮಣ್ಣ ಛತ್ರಿಯನ್ನು ಕಾಗದದ ಗಂಟಿಗೆ ಹಿಡಿದು ತಾನು ಮಳೆಯಲ್ಲಿ ತೊಯ್ದ’ ಎಂದು ಬರೆದು ಮಾಸ್ತರರು ಒಬ್ಬರೇ ನಕ್ಕರು.

ಆ ಪುಟವನ್ನು ಜೋಡಿಸಬೇಕಾದವನೂ ದ್ಯಾಮಣ್ಣನೇ. ತನ್ನ ಹೆಸರನ್ನು ತಾನೇ ಅಕ್ಷರ ಅಕ್ಷರ ಹೆಕ್ಕಿ ಜೋಡಿಸಿದ. ಒಂದು ತಪ್ಪೂ ಇರಲಿಲ್ಲ. ಕರಡು ನೋಡಲು ಮಾಸ್ತರರು ಬಂದಾಗ ಮೆಲ್ಲಗೆ ಬಾಯಿಬಿಟ್ಟ.

“ಸರ, ಹಿಂದುಮುಂದು ನೋಡದ ಮಾಡಿದ್ದು ಅಂತ ನೀವ ಬರದೀರಿ. ನಾ ನೋಡೇ ಛತ್ರಿ ಹಿಡದಿದ್ನಿರಿ. ಆ ಗಂಟಿನ್ಯಾಗ ಇದ್ದದ್ದು ನಿಮ್ಮ ನಿಘಂಟು. ಅದಕ್ಕ ಎರಡನೇ ಪ್ರತಿ ಇರಲಿಲ್ಲ. ಈ ಪುಸ್ತಕ ನನ್ನ ಮಗಳ ಸಾಲಿಗೂ ಹೋಗತೈತಿ.”

ಸುತ್ತ ನಾಲ್ಕು ಜನ ಕೆಲಸದವರಿದ್ದರು. ಮಾಸ್ತರರಿಗೆ ಸಿಟ್ಟು ನೆತ್ತಿಗೇರಿತು. ಜೋಡಿಸುವುದಷ್ಟೇ ನಿನ್ನ ಕೆಲಸ, ಅರ್ಥ ಹೇಳುವುದು ನನ್ನದು ಎಂದು ಕರಡಿಗೆ ಸಹಿ ಹಾಕಿ ಹೊರಟುಬಿಟ್ಟರು.

ಮನೆಯಲ್ಲಿ ಊಟಕ್ಕೆ ಕೂತಾಗ ಆ ಮಳೆಯ ದಿನ ನೆನಪಾಯಿತು. ಅವತ್ತು ತೊಯ್ದ ದ್ಯಾಮಣ್ಣ ಎಂಟು ದಿನ ಜ್ವರದಲ್ಲಿ ಮಲಗಿದ್ದ. ಕೆಲಸ ನಿಂತಿತೆಂದು ತಾವು ಗೊಣಗಿದ್ದರು. ಅವನ ಮಗಳು ತರಗತಿಯಲ್ಲಿ ಆ ಪುಟ ತೆರೆಯುವುದು, ಉಳಿದ ಮಕ್ಕಳು ಅವಳತ್ತ ತಿರುಗಿ ನೋಡುವುದು ಕಣ್ಣಿಗೆ ಕಟ್ಟಿತು. ಮಾಸ್ತರರಿಗೆ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು. ಕೈತೊಳೆದು ಮುದ್ರಣಾಲಯಕ್ಕೆ ಓಡಿದರು. ಅಷ್ಟರಲ್ಲಿ ಆ ಪುಟದ ಐನೂರು ಪ್ರತಿ ಅಚ್ಚಾಗಿ ಹೋಗಿತ್ತು. ಅದನ್ನು ಮತ್ತೆ ಅಚ್ಚುಹಾಕಲು ಕಾಗದವಿರಲಿಲ್ಲ, ಮೊದಲ ಪುಟಕ್ಕೆಂದು ಎತ್ತಿಟ್ಟದ್ದಷ್ಟೇ ಉಳಿದಿತ್ತು.

ನಿಂತಲ್ಲೇ ಒಂದು ಚೀಟಿ ಬರೆದರು. ಇನ್ನೂ ಅಚ್ಚಾಗದ ಮೊದಲ ಪುಟದಲ್ಲಿ ಇದನ್ನು ಹಾಕು ಎಂದು ಎಲ್ಲರೆದುರು ದ್ಯಾಮಣ್ಣನ ಕೈಗೆ ಕೊಟ್ಟರು. ‘ಫೂಲಿಶ್ ಪದಕ್ಕೆ ಕೊಟ್ಟ ಉದಾಹರಣೆ ತಪ್ಪು. ದ್ಯಾಮಣ್ಣನವರು ತಾವು ತೊಯ್ದು ಈ ನಿಘಂಟನ್ನು ಉಳಿಸಿದರು. ಹಿಂದುಮುಂದು ನೋಡದೆ ಬರೆದವನು ನಾನು.’

ದ್ಯಾಮಣ್ಣ ಅದನ್ನು ಎರಡು ಸಲ ಓದಿದ. ಕೆಳಗೆ ನಿಮ್ಮ ಹೆಸರು ಹಾಕಬೇಕೇ ಎಂದು ಕೇಳಿದ.

“ಹಾಕಪಾ,” ಎಂದರು ಮಾಸ್ತರರು, ಮುಖ ಎತ್ತಲಾಗದೆ. “ದಪ್ಪ ಅಕ್ಷರದಾಗ ಹಾಕು.”

ನೀತಿ: ಇನ್ನೊಬ್ಬರನ್ನು ದಡ್ಡರೆನ್ನುವ ಮೊದಲು ಅವರು ಮಾಡಿದ್ದು ಯಾರಿಗಾಗಿ ಎಂದು ತಿಳಿದುಕೊಳ್ಳಿ. ಹತ್ತು ಜನರೆದುರು ಮಾಡಿದ ಅವಮಾನಕ್ಕೆ ಹತ್ತು ಜನರೆದುರೇ ತಪ್ಪೊಪ್ಪಿಕೊಳ್ಳಬೇಕು.