ಬೂಟು ಬಿಚ್ಚಿಡಿ ಸಾರ್

ಸಫಾರಿ ಜೀಪು ಓಡಿಸುವ ಬೊಮ್ಮಯ್ಯನಿಗೆ ಅವತ್ತು ಸಿಕ್ಕಿದ್ದು ಕಂಟ್ರಾಕ್ಟರ್ ಶಿವನಂಜಪ್ಪ ದಂಪತಿ. ದೂರದ ಪೊದೆಯಲ್ಲಿ ಹುಲಿಯ ಬಾಲ ಕಂಡದ್ದೇ ತಡ, ಕಂಟ್ರಾಕ್ಟರು ಗುಡುಗಿದರು. "ದಾರಿ ಬಿಟ್ಟು ಒಳಗೆ ಇಳಿಸಯ್ಯಾ! ನಾನ್ಯಾರು ಗೊತ್ತಾ?"

ಆ ಹುಲಿ ಮರಿ ಹಾಕಿತ್ತು. ಬೆದರಿದರೆ ಈ ಜಾಗವನ್ನೇ ಬಿಟ್ಟು ಹೋಗುತ್ತಿತ್ತು.

"ಆಗಲಿ ಸಾರ್," ಅಂದ ಬೊಮ್ಮಯ್ಯ. "ಆದರೆ ಅಲ್ಲಿ ಬರೀ ಕೆಸರು. ಗಾಡಿ ಹೂತರೆ ನಾನು ಸ್ಟೇರಿಂಗ್ ಹಿಡೀಬೇಕು, ನೀವು ಇಳಿದು ತಳ್ಳಬೇಕು. ಈಗಲೇ ಬೂಟು ಬಿಚ್ಚಿಡಿ."

"ತಳ್ತಾರೆ, ನೀನು ನಡಿಯಪ್ಪಾ," ಅಂದರು ಕಂಟ್ರಾಕ್ಟರ ಹೆಂಡತಿ.

ಕಂಟ್ರಾಕ್ಟರು ಬೂಟುಗಾಲನ್ನು ಸೀಟಿನಡಿಗೆ ಎಳೆದುಕೊಂಡು, "ಬೇಡ, ಇಲ್ಲೇ ನಿಲ್ಲಿಸಯ್ಯಾ," ಅಂದರು. ಬೊಮ್ಮಯ್ಯ ಇಂಜಿನ್ ಆಫ್ ಮಾಡಿದ. ಸದ್ದಡಗಿದ ಸ್ವಲ್ಪ ಹೊತ್ತಿಗೆ ಹುಲಿ ತಾನಾಗಿಯೇ ಮರಿಗಳ ಜೊತೆ ಎದುರಿಗೆ ಬಂದು ದಾರಿ ದಾಟಿತು. ಬೊಮ್ಮಯ್ಯ ಕೈ ಮುಗಿದ.

"ಹುಲಿಗ್ಯಾಕಯ್ಯಾ ನಮಸ್ಕಾರ?"

"ಮೊದಲು ನಮ್ಮೂರವರು ಜಿಂಕೆಗೆ ಉರುಲು ಹಾಕಿ ಹೊಟ್ಟೆ ಹೊರೀತಿದ್ರು ಸಾರ್. ಈಗ ಈ ತಾಯಿನ ನೋಡೋಕೆ ನೀವೆಲ್ಲ ಬರ್ತೀರಿ, ನಮ್ಮನೆ ಒಲೆ ಉರಿಯುತ್ತೆ."

ಕಂಟ್ರಾಕ್ಟರೂ ಮೆಲ್ಲಗೆ ಕೈ ಮುಗಿದರು. ಅಷ್ಟರಲ್ಲಿ ಹಿಂದೆ ಬಂದು ನಿಂತ ಇನ್ನೊಂದು ಜೀಪಿನಿಂದ ಯಾರೋ, "ಹುಲಿ ಹಿಂದೆ ನುಗ್ಗಿಸು!" ಅಂತ ಕೂಗಿದರು.

ಶಿವನಂಜಪ್ಪ ತಿರುಗಿ ನೋಡಿ ಕೇಳಿದರು, "ಸ್ವಾಮಿ, ಬೂಟು ಬಿಚ್ಚಿಟ್ರಾ?"