ಕೆಂಚಿ ಕಟ್ಟಿದ ಹೇರು

ಬಾ ಕೂಸೇ, ಕಾಲು ಒಳಗೆಳೆದುಕೋ, ಕಂಬಳಿ ಗಲ್ಲದ ತನಕ ಬರಲಿ. ನೀರು ಕುಡಿಯೋದಿದ್ರೆ ಈಗಲೇ ಕುಡಿದುಬಿಡು, ನಡುವೆ ಎಬ್ಬಿಸಬೇಡ ನನ್ನ. ಕಣ್ಣು ಮುಚ್ಚಿಕೊಂಡರೂ ಪರವಾಗಿಲ್ಲ, ಕಿವಿ ಮಾತ್ರ ನನ್ನ ಕಡೆ ಇಟ್ಟಿರು.

ಕಾಡಿಗೆ ಇನ್ನೂ ಯಾರೂ ಹೆಸರಿಟ್ಟಿರದ ಕಾಲದಲ್ಲಿ, ಆ ಕಾಡಿನ ಅಂಚಿನ ಒಂದೂರಲ್ಲಿ ಗಿರಿಯಣ್ಣ ಅಂತ ಒಬ್ಬನಿದ್ದನಂತೆ. ಕುದುರೆ ಮೇಲೆ ಉಪ್ಪು ಹೇರಿಕೊಂಡು ಕಾಡು ದಾಟಿ ಗುಡ್ಡದ ಜನಕ್ಕೆ ಕೊಡೋದು, ಅವರ ಹತ್ರ ಜೇನು ಹೇರಿಕೊಂಡು ಬರೋದು, ಇದು ಅವನ ಕಸುಬು. ತಾಯಿಯಿಲ್ಲದ ಮೂರು ಹೆಣ್ಣುಮಕ್ಕಳು ಅವನಿಗೆ. ದೊಡ್ಡವಳು ಸಿರಿಯಕ್ಕ, ನಡುವಿನವಳು ದುಂಡಕ್ಕ, ಚಿಕ್ಕವಳು ಕೆಂಚಿ. ಕೆಂಚಿ ಮಾತು ಕಮ್ಮಿ, ನೋಡೋದು ಜಾಸ್ತಿ.

ಒಂದು ಬೇಸಗೆ ಹೋದ ಗಿರಿಯಣ್ಣ ಬರಲೇ ಇಲ್ಲವಂತೆ. ಆಮೇಲೆ ಜೇನು ಕೀಳೋನೊಬ್ಬ ಬಂದು ಹೇಳಿದನಂತೆ, ನಿಮ್ಮಪ್ಪನ ಕುದುರೆ ಕಣಿವೆಗೆ ಜಾರಿ ಸತ್ತುಹೋಯ್ತು, ಅವನ ಕಾಲು ಮುರಿದು ಗುಡ್ಡದವರ ಗುಡಿಸಲಲ್ಲಿ ಮಲಗಿದಾನೆ, ಎರಡು ದಿನದ ದಾರಿ, ಹೊತ್ತು ತರೋಕೆ ನನ್ನೊಬ್ಬನ ಕೈಲಾಗಲಿಲ್ಲ, ಮೃಗಶಿರೆ ಮಳೆ ಬಿದ್ದರೆ ಹಳ್ಳ ತುಂಬುತ್ತೆ, ನಾಲ್ಕು ತಿಂಗಳು ಯಾರೂ ದಾಟೋ ಹಾಗಿಲ್ಲ, ಆ ಕಾಲು ಅಲ್ಲಿ ತನಕ ತಡೆಯಲ್ಲ, ಆಳೂ ತಡೆಯಲ್ಲ ಅಂತ. ಮೂಳೆ ಕಟ್ಟೋ ಮುದುಕ ಇದ್ದದ್ದು ಇವರೂರಲ್ಲೇ. ಊರಿಗೆಲ್ಲ ಉಳಿದಿದ್ದ ಕುದುರೆ ಒಂದೇ, ಬೂದಿ ಅಂತ ವಯಸ್ಸಾದ ಹೆಣ್ಣು ಕುದುರೆ, ಮಂಜಿನ ಬಣ್ಣ.

ನಾನು ದೊಡ್ಡವಳು, ನಾನೇ ಹೋಗ್ತೀನಿ ಅಂದಳಂತೆ ಸಿರಿಯಕ್ಕ. ಅಪ್ಪ ನೆಲದ ಮೇಲೆ ಮಲಗಿದಾನಲ್ಲ ಅಂತ ಹಾಸಿಗೆ ಸುತ್ತಿದಳು, ಹಾಸಿಗೆಗೆ ಮಂಚ ಬೇಡವಾ ಅಂತ ಮಂಚ ಕಟ್ಟಿದಳು, ಬಿಸಿನೀರು ಕಾಯಿಸಬೇಕಲ್ಲ ಅಂತ ಹಂಡೆ ಹೇರಿದಳು. ಕುದುರೆ ಹೊರಟರೆ ಒಂದು ಮನೆಯೇ ಎದ್ದು ನಡೆದ ಹಾಗೆ. ಆಮೇಲೆ ಕಾಡಲ್ಲಿ ಎರಡು ಬಂಡೆ ನಡುವಿನ ಗಂಡಿ ಬಂತಂತೆ, ಬೂದಿಯ ತಲೆ ಆಚೆ ಹೋಯ್ತು, ಮಂಚ ಈಚೆ ಸಿಕ್ಕಿಕೊಳ್ತು. ಇವಳು ಎಳೀತಾಳೆ, ಬಂಡೆ ಬಿಡಲ್ಲ. ಸಂಜೆ ತನಕ ಎಳೆದು, ಅತ್ತು, ಹಿಂದಕ್ಕೆ ಬಂದಳಂತೆ.

ನಿನಗೆ ಬುದ್ಧಿ ಇಲ್ಲ ಕಣೇ ಅಕ್ಕ, ಅಗಲ ಆಗಬಾರದು, ಅಂದಳಂತೆ ದುಂಡಕ್ಕ. ಕಾಯಿಲೆಯವನಿಗೆ ಬೇಕಾದ್ದು ಊಟ ಅಂತ ರಾಗಿ ಹಿಟ್ಟು, ಬೆಲ್ಲ, ತುಪ್ಪದ ಗಡಿಗೆ, ಉಪ್ಪಿನಕಾಯಿ ಜಾಡಿ, ಎಲ್ಲ ಒಂದರ ಮೇಲೊಂದು ಪೇರಿಸಿ ಬಿಗಿದು ಕಟ್ಟಿದಳು. ಗಂಡಿಯೇನೋ ದಾಟಿತು. ಹಳ್ಳಕ್ಕೆ ಬಂದಾಗ ಬೂದಿಗೆ ಸಾಕಾಗಿ ಹೋಗಿತ್ತಂತೆ, ನಡುನೀರಲ್ಲಿ ಎಮ್ಮೆ ಹಾಗೆ ಕೂತುಬಿಡ್ತು. ಬೆಲ್ಲ ಕರಗಿ ಹಳ್ಳವೇ ಪಾನಕ ಆಯ್ತು. ನಗ್ತೀಯಾ? ನಗು ನಗು, ಮೀನುಗಳೂ ನಕ್ಕವಂತೆ. ದುಂಡಕ್ಕ ಒದ್ದೆ ಸೀರೆಯಲ್ಲಿ ವಾಪಸು ಬಂದಳು.

ಅಷ್ಟರಲ್ಲಿ ತೆಂಕಣ ಕಡೆ ಮೋಡ ಕಟ್ಟೋಕೆ ಶುರುವಾಗಿತ್ತಂತೆ. ಇನ್ನುಳಿದವಳು ಕೆಂಚಿ. ಅವಳು ಹೊರಡ್ತಾಳೆ ಅಂದಾಗ ಊರೇ ಅಂಗಳಕ್ಕೆ ಬಂತು. ಚಳಿ ಆದ್ರೆ ಅಂತ ಒಬ್ಬಳು ರಗ್ಗು ಇಟ್ಟಳು. ಹಾವು ಬಂದ್ರೆ ಅಂತ ಒಬ್ಬ ದೊಣ್ಣೆ ಇಟ್ಟ. ಮರ ಅಡ್ಡ ಬಿದ್ದಿದ್ರೆ ಅಂತ ಒಂದು ಕೊಡಲಿ, ಅದು ಮುರಿದುಹೋದ್ರೆ ಅಂತ ಇನ್ನೊಂದು ಕೊಡಲಿ. ದಾರಿಯಲ್ಲಿ ನೆಂಟರು ಸಿಕ್ಕಿದ್ರೆ ಬರಿಗೈಲಿ ನಿಲ್ತೀಯೇನೇ ಅಂತ ಒಬ್ಬಜ್ಜಿ ಎಲೆಯಡಿಕೆ ತಟ್ಟೆಯನ್ನೂ ತಂದಿಟ್ಟಳಂತೆ. ಕಾಡಲ್ಲಿ ಯಾವ ನೆಂಟರು ತಾಯೀ, ಕರಡೀನಾ?

ಕೆಂಚಿ ಎಲ್ಲ ಕಟ್ಟಿದಳು, ಬೂದಿಯ ಸುತ್ತ ಒಂದು ಸುತ್ತು ಬಂದಳು. ಬೂದಿ ಮುಖ ತಿರುಗಿಸಿ ಅವಳನ್ನೇ ನೋಡ್ತಂತೆ, ಕಣ್ಣಲ್ಲಿ ಮೋಡ ತೇಲ್ತಾ ಇತ್ತಂತೆ. ಆಗ ಕೆಂಚಿ ಮೆಲ್ಲಗೆ ಕೇಳಿದಳು, ಅಕ್ಕಾ, ಅಪ್ಪ ಎಲ್ಲಿ ಕೂತ್ಕೋತಾನೆ?

ಅಕ್ಕಂದಿರಿಬ್ಬರೂ ಹೋಗೋದನ್ನ ನೆನೆಸಿದ್ದರೇ ಹೊರತು, ಬರೋದನ್ನ ನೆನೆಸಿರಲೇ ಇಲ್ಲ. ಆಮೇಲೆ ಕೆಂಚಿ ಒಂದೊಂದೇ ಬಿಚ್ಚಿ ಅವರವರ ಕೈಗೇ ಕೊಟ್ಟಳಂತೆ. ಕಡೆಗೆ ಉಳಿದದ್ದು ಒಂದು ಕಂಬಳಿ, ಒಂದು ಹಗ್ಗ, ಒಂದು ಹಸುಬೆ. ಹಸುಬೆ ಅಂದ್ರೆ ಕುದುರೆ ಬೆನ್ನಿನ ಎರಡೂ ಕಡೆಗೆ ತೂಗೋ ಚೀಲ. ಒಂದು ಕಡೆ ಅವಳ ರೊಟ್ಟಿ, ಇನ್ನೊಂದು ಕಡೆ ಬೂದಿಯ ಹುರುಳಿ, ಸರಿಸಮ. ಸಾಯೋಕೆ ಹೊರಟಿದಾಳೆ ಹುಡುಗಿ ಅಂತ ಎಲೆಯಡಿಕೆ ಅಜ್ಜಿ ಗೊಣಗ್ತಾ ಹೋದಳಂತೆ.

ಗಂಡಿಯಲ್ಲಿ ಬೂದಿ ನೀರು ಹರಿದ ಹಾಗೆ ಹೋಯ್ತಂತೆ. ಹಳ್ಳದಲ್ಲಿ ನೀರು ಮೊಣಕಾಲಿಗೆ ಮುಟ್ಟಿತು, ಬಿಟ್ಟಿತು. ರಾತ್ರಿ ಒಂದು ಮರದ ಕೆಳಗೆ ಕಂಬಳಿ ಹೊದ್ದು ಮಲಗಿ, ಬೆಳಗ್ಗೆ ನಡೆದರೆ ಮಂಜಿನ ಬಯಲು ಬಂತು. ಅಲ್ಲಿ ಹುಲ್ಲು ಎದೆಯೆತ್ತರ, ಹತ್ತಿಗಿಂತ ಮೆತ್ತಗೆ, ಗಾಳಿ ಬೀಸಿದರೆ ಯಾರೋ ಜೋಗುಳ ಗುನುಗಿದ ಹಾಗೆ. ಸತ್ತುಹೋದ ಅಮ್ಮ ಮಂಜಿನೊಳಗಿಂದ ತಟ್ಟಿ ತಟ್ಟಿ, ಕೂತ್ಕೋ ಮಗಳೇ, ಒಂದು ಗಳಿಗೆ ಅಂತ ಕರೆದ ಹಾಗೆ. ಅಲ್ಲಿ ಹಾಸಿಗೆ ಬಿಚ್ಚಿದವರು ಎದ್ದದ್ದೇ ಇಲ್ಲವಂತೆ, ಹುಲ್ಲೇ ಆಗಿಬಿಡ್ತಾರಂತೆ. ಕೆಂಚಿಗೂ ರೆಪ್ಪೆ ಭಾರ ಆಯ್ತು. ಬಿಚ್ಚೋಕೆ ಹಾಸಿಗೆಯಿಲ್ಲ, ಇದ್ದೊಂದು ಕಂಬಳಿ ಬೂದಿಯ ಬೆನ್ನ ಮೇಲೆ, ಬೂದಿ ನಿಲ್ತಾ ಇಲ್ಲ. ಅವಳು ಕುದುರೆಯ ಬಾಲ ಹಿಡಿದು, ಕಣ್ಣು ಮುಚ್ಚಿಕೊಂಡೇ, ಅರೆನಿದ್ದೆಯಲ್ಲಿ ತೇಲಿದ ಹಾಗೆ ನಡೆದಳಂತೆ, ಗೊರಸಿನ ಸದ್ದು ಟಪ್ಪು, ಟಪ್ಪು, ಟಪ್ಪು. ಕಣ್ಣು ಬಿಟ್ಟಾಗ ಗುಡಿಸಲ ಹೊಗೆ.

ಗಿರಿಯಣ್ಣ ಒಣಗಿ ಕಡ್ಡಿಯಾಗಿದ್ದನಂತೆ. ಏನು ತಂದಿದೀಯೇ ಮಗಳೇ ಅಂತ ಕೇಳಿದ. ಏನೂ ತಂದಿಲ್ಲಪ್ಪ, ಜಾಗ ತಂದಿದೀನಿ ಅಂದಳಂತೆ ಕೆಂಚಿ. ಅವನು ಅವಳ ತಲೆ ಮೇಲೆ ಕೈಯಿಟ್ಟು ತುಂಬ ಹೊತ್ತು ತೆಗೀಲೇ ಇಲ್ಲವಂತೆ.

ಆದರೆ ನೋಡು, ಹೇರಿನವರ ಹುಚ್ಚು ಸುಮ್ಮನೆ ಹೋಗುತ್ತಾ? ಗುಡ್ಡದವರು ಉಪ್ಪಿನ ಬದಲಿಗೆ ಕೊಟ್ಟಿದ್ದ ಎರಡು ಗಡಿಗೆ ಜೇನನ್ನ ಅವನು ಆಕಡೆ ಒಂದು ಈಕಡೆ ಒಂದು ತೂಗಿಸಿಕೊಂಡೇ ಕುದುರೆ ಹತ್ತಿದ. ಕೆಂಚಿ ಬೂದಿಯನ್ನ ಹೊಡೆದುಕೊಂಡು ಹೊರಟಳು. ಹಿಂತಿರುಗಿ ಹಳ್ಳಕ್ಕೆ ಬಂದರೆ ಮಳೆಯ ಮೊದಲ ಹನಿ ಟಪ್ಪನೆ ಮೂಗಿನ ಮೇಲೆ ಬಿತ್ತಂತೆ. ಮೇಲಿನ ಗುಡ್ಡದಲ್ಲಾಗಲೇ ಸುರೀತಾ ಇತ್ತು, ನೀರು ಕೆಂಪಾಗಿ ಏರ್ತಾ ಇತ್ತು. ಬೂದಿ ಒಂದು ಹೆಜ್ಜೆ ಇಟ್ಟು ನಡುಗಿ ನಿಂತುಬಿಡ್ತು.

ಅಪ್ಪಾ, ಜೇನು ಬಿಡು, ಅಂದಳು. ಮೂವತ್ತು ವರ್ಷದಲ್ಲಿ ಒಂದು ಸಲಾನೂ ಖಾಲಿ ಕುದುರೆ ಹೊಡೆದುಕೊಂಡು ಊರಿಗೆ ಹೋಗಿಲ್ಲ ಕಣೇ, ಜನ ಏನಂತಾರೆ, ಅಂತ ಅವನು ಗಡಿಗೆ ತಬ್ಬಿಕೊಂಡ. ಕುದುರೆ ಖಾಲಿ ಎಲ್ಲಿದೆಯಪ್ಪ, ನೀನಿದೀಯಲ್ಲ, ಅಂದಳಂತೆ ಕೆಂಚಿ. ನೀರು ಇನ್ನೊಂದು ಗೇಣು ಏರ್ತು. ಗಿರಿಯಣ್ಣ ಮಗಳ ಮುಖ ನೋಡಿದ, ಆಮೇಲೆ ತಾನೇ ಗಂಟು ಬಿಚ್ಚಿದ. ಕೆಂಚಿ ಗಡಿಗೆ ಎರಡನ್ನೂ ಮರದ ಕವಲಲ್ಲಿಟ್ಟು, ಅಪ್ಪನನ್ನ ಹಗ್ಗದಲ್ಲಿ ಕುದುರೆಗೆ ಬಿಗಿದು, ತಾನು ಬಾಲ ಹಿಡಿದಳು. ನೀರು ಎದೆ ತನಕ ಬಂತು, ಗಲ್ಲದ ತನಕ ಬಂತು, ಬೂದಿ ಒಂದು ಸಲ ತೇಲ್ತು, ಎರಡು ಸಲ ತೇಲ್ತು, ಮೂರನೇ ಸಲ ಗೊರಸು ಮರಳಿಗೆ ತಗುಲ್ತು. ಅವರು ದಡ ಹತ್ತಿ ತಿರುಗಿ ನೋಡಿದರೆ ಹಳ್ಳ ಎರಡೂ ದಡ ತುಂಬಿ ಹರೀತಾ ಇತ್ತಂತೆ.

ಆಮೇಲೆ ಏನಾಯ್ತಾ? ಮೂಳೆ ಕಟ್ಟೋ ಮುದುಕ ಬಿದಿರು ಸೀಳಿ ಕಟ್ಟಿದ, ಗಿರಿಯಣ್ಣ ದೀಪಾವಳಿ ಹೊತ್ತಿಗೆ ಎದ್ದು ಕುಂಟ್ತಾ ಓಡಾಡಿದ, ಕಾಡಿಗೆ ಮತ್ತೆ ಹೋಗಲಿಲ್ಲ. ಸಿರಿಯಕ್ಕ ಮದುವೆಯಾಗಿ ಆಚೆ ಊರಿಗೆ ಹೋದಳು, ಅವಳ ಮನೆ ತುಂಬ ಮಂಚಗಳಂತೆ. ದುಂಡಕ್ಕ ದಾರಿಹೋಕರಿಗೆ ಅಡುಗೆ ಮಾಡಿ ಹಾಕ್ತಾ ದುಂಡಗೇ ಇದ್ದಳು. ಜೇನು ಕರಡಿ ಪಾಲಾಯ್ತು, ಅದಕ್ಕೆ ಆ ವರ್ಷ ಮೂರು ಮರಿಯಂತೆ. ಬೂದಿ ಅಂಗಳದ ಹೊಂಗೆ ನೆರಳಲ್ಲಿ ಹುರುಳಿ ತಿಂದುಕೊಂಡು ಬೆನ್ನು ಬರಿದಾಗಿಯೇ ಬಾಳಿತು. ಕೆಂಚಿ ಬೂದಿಯಂಥದೇ ಒಂದು ಎಳೇ ಕುದುರೆ ಮೇಲೆ ಉಪ್ಪು ಹೇರಿಕೊಂಡು ಕಾಡು ದಾಟ್ತಾ, ಹೋಗ್ತಾ ಬರ್ತಾ, ನೂರು ವರ್ಷ ಸುಖವಾಗಿದ್ದಳಂತೆ.

ಕತೆ ಲಾಯ ಸೇರ್ತು, ನೀನು ನಿದ್ದೆ ಸೇರ್ಕೋ ಕಂದಾ.